ಅದೇ ಊರಿನಲ್ಲಿ ಬದುಕಬೇಕಿದ್ದ ಜಡ್ಜ್

ರಸ್ತೆ ಎರಡು ಲೇನ್ ಇರುವ ಕಡೆ 300ಕ್ಕಿಂತ ಹೆಚ್ಚು ಜನ ನಡೆಯುವಂತಿಲ್ಲ. ನಾಲ್ಕು ಲೇನ್ ಶುರುವಾದ ಮೇಲೆ ಎಷ್ಟು ಜನ ಬೇಕಾದರೂ ಸೇರಿಕೊಳ್ಳಬಹುದು. ಊಟ, ಲಾರಿಯಲ್ಲಿ ಸಾಗಿಸುವ ಶೌಚಾಲಯ, ಆಂಬುಲೆನ್ಸು, ದಾರಿಯುದ್ದಕ್ಕೂ ಬೀಳುವ ಕಸ ಎತ್ತಿಸುವುದು, ಇವೆಲ್ಲ ಮೆರವಣಿಗೆ ಹೊರಡಿಸುವವರದೇ ಹೊಣೆ. 1965ರ ಮಾರ್ಚ್ 17ರಂದು ಅಮೆರಿಕದ ಅಲಬಾಮಾ ರಾಜ್ಯದ ರಾಜಧಾನಿ ಮಾಂಟ್ಗೊಮರಿಯಲ್ಲಿ ಫೆಡರಲ್ ಕೋರ್ಟು ಒಪ್ಪಿಗೆ ಕೊಟ್ಟ ಯೋಜನೆಯ ಒಕ್ಕಣೆ ಹೆಚ್ಚುಕಡಿಮೆ ಹೀಗಿತ್ತು. ಜಾತ್ರೆಗೆ ತಹಶೀಲ್ದಾರರು ಕೊಡುವ ಪರವಾನಗಿಯಂತೆ ಕಾಣುವ ಈ ಕಾಗದದ ಬಲದಿಂದಲೇ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಜೊತೆಗಾರರು ಸೆಲ್ಮಾದಿಂದ ಮಾಂಟ್ಗೊಮರಿಗೆ 54 ಮೈಲಿ ನಡೆದದ್ದು.

ಕಿಂಗ್ ಅವರನ್ನು ಅರಿಯದವರಿಲ್ಲ. ಆ ಕಾಗದಕ್ಕೆ ಸಹಿ ಹಾಕಿದ ಫ್ರಾಂಕ್ ಎಂ. ಜಾನ್ಸನ್ ಜೂನಿಯರ್ ಮಾತ್ರ ಅಮೆರಿಕದ ಹೊರಗೆ ಅಷ್ಟಾಗಿ ಪರಿಚಿತರಲ್ಲ. ಅವರು ಸುಪ್ರೀಂ ಕೋರ್ಟಿನ ಪೀಠದಲ್ಲಿ ಒಂದು ದಿನವೂ ಕೂತವರಲ್ಲ. 1955ರಿಂದ 1979ರವರೆಗೆ ಕೆಳಹಂತದ ವಿಚಾರಣಾ ನ್ಯಾಯಾಲಯದಲ್ಲಿ ಸಾಕ್ಷಿ ಕೇಳಿ, ದಾಖಲೆ ನೋಡಿ, ತೀರ್ಪು ಬರೆದವರು. ವರ್ಣಭೇದ ಸಲ್ಲದು ಎಂಬ ತತ್ವವನ್ನು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ 1954ರಲ್ಲಿ ಸಾರಿಬಿಟ್ಟರು. ಆದರೆ ಯಾವ ಶಾಲೆಯ ಬಾಗಿಲು ಯಾವ ತಾರೀಖಿಗೆ ತೆರೆಯಬೇಕು, ಯಾವ ಮತದಾರರ ಪಟ್ಟಿಯನ್ನು ಯಾರು ಯಾರಿಗೆ ಒಪ್ಪಿಸಬೇಕು ಎಂಬುದನ್ನು ಯಾರಾದರೂ ಕೂತು ಬರೆಯಬೇಕಲ್ಲ? ಆ ಕೆಲಸ ಟ್ರಯಲ್ ಜಡ್ಜ್‌ನದು. ಬರೆದಾದ ಮೇಲೆ ಆತ ಅದೇ ಊರಿನ ಅಂಗಡಿಯಲ್ಲಿ ಸಾಮಾನು ಕೊಳ್ಳಬೇಕು, ಅದೇ ಊರಿನ ಚರ್ಚಿಗೆ ಹೋಗಬೇಕು.

ಅಮೆರಿಕದ ಕೋರ್ಟುಗಳ ಏರ್ಪಾಡು ನಮ್ಮದಕ್ಕಿಂತ ಬೇರೆ. ನಮ್ಮಲ್ಲಿ ತಾಲ್ಲೂಕು ಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಒಂದೇ ಸರಪಳಿ. ಅಲ್ಲಿ ರಾಜ್ಯಗಳ ಕೋರ್ಟುಗಳೇ ಬೇರೆ, ಕೇಂದ್ರದ ಫೆಡರಲ್ ಕೋರ್ಟುಗಳೇ ಬೇರೆ. ಒಂದೇ ಊರಿನ ಅಕ್ಕಪಕ್ಕದ ಬೀದಿಗಳಲ್ಲಿ ಎರಡೂ ನಡೆಯುತ್ತವೆ. ಕೊಲೆ, ಕಳವು, ವಿಚ್ಛೇದನ, ಆಸ್ತಿ ವ್ಯಾಜ್ಯಗಳು ಬಹುಪಾಲು ರಾಜ್ಯದ ಕೋರ್ಟಿಗೆ ಹೋಗುತ್ತವೆ. ಕೇಂದ್ರದ ಕಾನೂನು ಮುರಿದ ಪ್ರಕರಣ, ಸಂವಿಧಾನದ ಹಕ್ಕಿಗೆ ಚ್ಯುತಿ ಬಂತೆಂಬ ದೂರು ಫೆಡರಲ್ ಕೋರ್ಟಿಗೆ. ದೇಶದಲ್ಲಿ ಇಂಥ ವಿಚಾರಣಾ ನ್ಯಾಯಾಲಯಗಳು, ಅಂದರೆ ಡಿಸ್ಟ್ರಿಕ್ಟ್ ಕೋರ್ಟುಗಳು 94 ಇವೆ. ಅಲ್ಲಿನ ನ್ಯಾಯಾಧೀಶರನ್ನು ರಾಷ್ಟ್ರಾಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಒಪ್ಪಿದರೆ ಆಯಿತು, ಹುದ್ದೆ ಜೀವಮಾನಕ್ಕೆ. ನಮ್ಮ ಹೈಕೋರ್ಟ್ ನ್ಯಾಯಮೂರ್ತಿಗಳಂತೆ 62ಕ್ಕೆ ನಿವೃತ್ತಿ ಎಂಬುದಿಲ್ಲ. ಹುದ್ದೆಯಲ್ಲಿರುವಷ್ಟು ಕಾಲ ಸಂಬಳ ಇಳಿಸುವಂತಿಲ್ಲ ಎಂದು ಸಂವಿಧಾನವೇ ಹೇಳುತ್ತದೆ. ಕಿತ್ತುಹಾಕಬೇಕಾದರೆ ಮಹಾಭಿಯೋಗ, ಇಷ್ಟು ವರ್ಷಗಳ ಇತಿಹಾಸದಲ್ಲಿ ಸೆನೆಟ್ ಹಾಗೆ ಮನೆಗೆ ಕಳಿಸಿದ್ದು 8 ನ್ಯಾಯಾಧೀಶರನ್ನು.

ಅಲಬಾಮಾದಲ್ಲಿ ಈ ಭದ್ರತೆ ಎಷ್ಟು ದೊಡ್ಡ ಮಾತು ಎಂಬುದು ಇನ್ನೊಂದು ಸಂಗತಿ ತಿಳಿದರೆ ಗೊತ್ತಾಗುತ್ತದೆ. ಅಲ್ಲಿನ ರಾಜ್ಯದ ಕೋರ್ಟುಗಳ ಜಡ್ಜ್‌ಗಳು ಚುನಾವಣೆಗೆ ನಿಲ್ಲಬೇಕು, ಓಟು ಕೇಳಬೇಕು. ಕಪ್ಪು ಜನರಲ್ಲಿ ಬಹುಪಾಲು ಮಂದಿಗೆ ಓಟೇ ಇಲ್ಲದ ಕಾಲದಲ್ಲಿ ಓಟು ಕೇಳುವುದು ಯಾರನ್ನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಜಾನ್ಸನ್ ಹೊರಗಿನಿಂದ ಬಂದವರಲ್ಲ. 1918ರಲ್ಲಿ ಉತ್ತರ ಅಲಬಾಮಾದ ಗುಡ್ಡಗಾಡಿನ ವಿನ್‌ಸ್ಟನ್ ಕೌಂಟಿಯಲ್ಲಿ ಹುಟ್ಟಿದರು. ತಾಯಿಯ ಹೆಸರೇ ಅಲಬಾಮಾ. ಆ ಕೌಂಟಿಯದು ವಿಚಿತ್ರ ಚರಿತ್ರೆ: 1861ರಲ್ಲಿ ದಕ್ಷಿಣದ ರಾಜ್ಯಗಳು ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದು ಹೊರಟಾಗ, ಗುಲಾಮರನ್ನು ಇಟ್ಟುಕೊಳ್ಳುವಷ್ಟು ಸಿರಿವಂತರಲ್ಲದ ಇಲ್ಲಿನ ರೈತರು ನಿಮ್ಮ ಯುದ್ಧ ನಮಗೆ ಬೇಡ ಎಂದು ನಿಂತರು. ಜನ ಅದನ್ನು ಇವತ್ತಿಗೂ ‘ಫ್ರೀ ಸ್ಟೇಟ್ ಆಫ್ ವಿನ್‌ಸ್ಟನ್’ ಎನ್ನುತ್ತಾರೆ. ಡೆಮಾಕ್ರಟಿಕ್ ಪಕ್ಷವೇ ಸರ್ವಸ್ವವಾಗಿದ್ದ ರಾಜ್ಯದಲ್ಲಿ ಇಲ್ಲಿನವರು ಲಿಂಕನ್ನರ ರಿಪಬ್ಲಿಕನ್ ಪಕ್ಷಕ್ಕೆ ಓಟು ಹಾಕುತ್ತ ಬಂದರು. ಜಾನ್ಸನ್ನರ ತಂದೆ ಅದೇ ಪಕ್ಷದಿಂದ ರಾಜ್ಯದ ಶಾಸನಸಭೆಗೆ ಹೋಗಿದ್ದವರು. ಮಗನಿಗೆ ಅಲ್ಪಸಂಖ್ಯಾತನಾಗಿ ನಿಲ್ಲುವ ಅಭ್ಯಾಸ ಮನೆಯಿಂದಲೇ ಬಂತು ಎಂದು ನನಗೆ ಅನಿಸುತ್ತದೆ.

ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುವಾಗ ಅವರ ಜೊತೆಗಿದ್ದ ಹುಡುಗರಲ್ಲಿ ಜಾರ್ಜ್ ವಾಲೇಸ್ ಒಬ್ಬ. ಆ ಹೆಸರು ಮತ್ತೆ ಬರುತ್ತದೆ. 1943ರಲ್ಲಿ ಪದವಿ, ಕೂಡಲೇ ಸೈನ್ಯ, ನಾರ್ಮಂಡಿಯ ಕಾಳಗದಲ್ಲಿ ಗಾಯ. ವಾಪಸು ಬಂದು ಜಾಸ್ಪರ್ ಎಂಬ ಪುಟ್ಟ ಊರಿನಲ್ಲಿ ವಕೀಲಿ. 1952ರ ಚುನಾವಣೆಯಲ್ಲಿ ಐಸೆನ್‌ಹೋವರ್ ಪರ ಮಾಜಿ ಸೈನಿಕರನ್ನು ಸಂಘಟಿಸಿದ್ದಕ್ಕೆ ಪ್ರತಿಫಲವಾಗಿ ಕೇಂದ್ರ ಸರ್ಕಾರದ ಪ್ರಾಸಿಕ್ಯೂಟರ್ ಹುದ್ದೆ ಸಿಕ್ಕಿತು. ಹುದ್ದೆ ಸಿಕ್ಕಿದ್ದು ರಾಜಕೀಯದಿಂದ ಎಂಬುದನ್ನು ಮುಚ್ಚಿಡಬೇಕಿಲ್ಲ. ಅಮೆರಿಕದಲ್ಲಿ ಈ ಹುದ್ದೆಗಳು ಸಿಗುವುದೇ ಹಾಗೆ. ಆ ಹುದ್ದೆಯಲ್ಲಿ ಅವರು ಮಾಡಿದ್ದನ್ನು ಮಾತ್ರ ನೆನೆಯಬೇಕು: ಕಪ್ಪು ಕೂಲಿಗಳನ್ನು ಸಾಲದ ಹೆಸರಿನಲ್ಲಿ ಜೀತಕ್ಕಿಟ್ಟುಕೊಂಡಿದ್ದ ಜಮೀನ್ದಾರ ಸೋದರರ ಮೇಲೆ ಕೇಸು ನಡೆಸಿ, ಬಿಳಿಯರೇ ಇದ್ದ ಜ್ಯೂರಿಯಿಂದ ಶಿಕ್ಷೆ ಕೊಡಿಸಿದರು.

1955ರ ಅಕ್ಟೋಬರ್‌ನಲ್ಲಿ ಮಾಂಟ್ಗೊಮರಿಯ ಜಡ್ಜ್ ಆದಾಗ ಅವರಿಗೆ 37 ತುಂಬುವುದರಲ್ಲಿತ್ತು. ಆರು ವಾರ ಕಳೆಯುವುದರಲ್ಲಿ, ಡಿಸೆಂಬರ್ 1ರಂದು, ಅದೇ ಊರಿನ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟು ಏಳಲು ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಒಪ್ಪಲಿಲ್ಲ.

ಅದರಿಂದ ಶುರುವಾದ ಬಸ್ ಬಹಿಷ್ಕಾರದ ಕತೆಯನ್ನು ಹೇಳುವವರು ಅದರ ಕೋರ್ಟಿನ ಅಧ್ಯಾಯವನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. 381 ದಿನ ಜನ ನಡೆದೇ ಓಡಾಡಿದ್ದು ಸತ್ಯ. ಆದರೆ ಬಸ್ಸಿನ ನಿಯಮ ಕೊನೆಗೆ ಬಿದ್ದದ್ದು ವಕೀಲ ಫ್ರೆಡ್ ಗ್ರೇ ಹೂಡಿದ ದಾವೆಯಿಂದ. ರೋಸಾ ಪಾರ್ಕ್ಸ್ ಅದರಲ್ಲಿ ವಾದಿಯೇ ಅಲ್ಲ. ವಾದಿಗಳಾಗಿ ಉಳಿದದ್ದು ಬೇರೆ ನಾಲ್ವರು ಹೆಂಗಸರು: ಅರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್, ಮತ್ತು ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ ಸೀಟು ಬಿಡದೆ ಬಂಧನಕ್ಕೊಳಗಾಗಿದ್ದ ಶಾಲಾ ಹುಡುಗಿ ಕ್ಲಾಡೆಟ್ ಕಾಲ್ವಿನ್. 1956ರ ಮೇ ತಿಂಗಳಲ್ಲಿ ವಿಚಾರಣೆ. ನಿಮ್ಮ ನಾಯಕರು ಯಾರು ಎಂದು ನಗರಸಭೆಯ ವಕೀಲ ಪಾಟೀಸವಾಲು ಹಾಕಿದಾಗ, ನಮಗೆ ನಾವೇ ನಾಯಕರು ಎಂಬರ್ಥದ ಉತ್ತರ ಕೊಟ್ಟಳು ಆ ಹುಡುಗಿ. ಕಿಂಗ್ ಎಂಬ ಹೊರಗಿನ ಪಾದ್ರಿ ಜನರನ್ನು ಎತ್ತಿಕಟ್ಟುತ್ತಿದ್ದಾನೆ ಎಂದು ಸಾಬೀತು ಮಾಡಲು ಹೊರಟಿದ್ದ ವಾದ ಅಲ್ಲಿಗೆ ಸಡಿಲವಾಯಿತು.

ರಾಜ್ಯದ ಕಾಯ್ದೆಯೊಂದನ್ನೇ ಪ್ರಶ್ನಿಸಿದ್ದರಿಂದ ಆ ಕಾಲದ ನಿಯಮದಂತೆ ಮೂವರ ಪೀಠ ಕೂತಿತ್ತು. ಹಿರಿಯರು ರಿಚರ್ಡ್ ರೈವ್ಸ್. ಮೂರನೆಯವರು ಸೀಬೋರ್ನ್ ಲಿನ್. ಪದ್ಧತಿಯಂತೆ ಕಿರಿಯ ಜಡ್ಜ್ ಮೊದಲು ಅಭಿಪ್ರಾಯ ಹೇಳಬೇಕು. ಸರ್ಕಾರವೇ ಹೇರುವ ಪ್ರತ್ಯೇಕತೆ ಸಂವಿಧಾನಕ್ಕೆ ವಿರುದ್ಧ ಎಂದರು ಜಾನ್ಸನ್. ರೈವ್ಸ್ ಒಪ್ಪಿದರು, ಲಿನ್ ಒಪ್ಪಲಿಲ್ಲ. ಚರ್ಚೆ ಹತ್ತು ನಿಮಿಷವೂ ಹಿಡಿಯಲಿಲ್ಲ ಎಂದು ಜಾನ್ಸನ್ ಆಮೇಲೆ ನೆನೆದಿದ್ದುಂಟು. ಜೂನ್ 5ರಂದು ತೀರ್ಪು ಹೊರಬಿತ್ತು, ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಹತ್ತು ನಿಮಿಷದ ಆ ಚರ್ಚೆಗೆ ತೆತ್ತ ಬೆಲೆ ಮಾತ್ರ ವರ್ಷಗಟ್ಟಲೆಯದು. ರೈವ್ಸ್ ಅವರ ಸತ್ತ ಮಗನ ಸಮಾಧಿಯ ಮೇಲೆ ಕಸ ಸುರಿದರು. ಜಾನ್ಸನ್ ಮನೆಯಂಗಳದಲ್ಲಿ ಶಿಲುಬೆ ಸುಟ್ಟರು. ಬೆದರಿಕೆ ಪತ್ರಗಳು, ರಾತ್ರಿಯ ಫೋನ್ ಕರೆಗಳು. ಊರಿನ ದೊಡ್ಡ ಮನುಷ್ಯರು ಮಾತು ಬಿಟ್ಟರು. ಫೆಡರಲ್ ಮಾರ್ಷಲ್‌ಗಳ ಕಾವಲು ಮನೆಯ ಮಾಮೂಲಿ ಸಂಗತಿಯಾಯಿತು. ಮೀನು ಹಿಡಿಯುವುದು, ಮರಗೆಲಸ, ಹಳೆಯ ಗಡಿಯಾರಗಳ ರಿಪೇರಿ, ಹೀಗೆ ಒಬ್ಬರೇ ಮಾಡಬಹುದಾದ ಹವ್ಯಾಸಗಳು ಅವರಿಗಿದ್ದದ್ದು ಒಳ್ಳೆಯದೇ ಆಯಿತು.

ಅಂದಮಾತ್ರಕ್ಕೆ ಅವರು ಕಪ್ಪು ಜನರ ಪರ ತೀರ್ಪು ಬರೆಯಲೆಂದೇ ಕೂತಿದ್ದರು ಎಂದುಕೊಳ್ಳಬಾರದು. ಟಸ್ಕೀಗಿ ಊರಿನ ಕೇಸು ಇದಕ್ಕೆ ಸಾಕ್ಷಿ. 1957ರಲ್ಲಿ ಅಲಬಾಮಾದ ಶಾಸಕರು ಚೌಕಾಕಾರವಾಗಿದ್ದ ಆ ಪಟ್ಟಣದ ಗಡಿಯನ್ನು 28 ಬದಿಗಳ ವಕ್ರ ಆಕೃತಿಯಾಗಿ ಎಳೆದರು. ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಮಂದಿ ಬಿಟ್ಟು ಎಲ್ಲರೂ ಊರಿನಿಂದ ಆಚೆ, ಒಬ್ಬ ಬಿಳಿಯನೂ ಆಚೆ ಬೀಳಲಿಲ್ಲ. ದಾವೆ ಜಾನ್ಸನ್ ಮುಂದೆ ಬಂದಾಗ ಅವರು ವಜಾ ಮಾಡಿದರು. ಪುರಸಭೆಯ ಗಡಿ ಎಳೆಯುವುದು ರಾಜ್ಯದ ಅಧಿಕಾರ ಎಂದು ಮೇಲಿನ ಕೋರ್ಟುಗಳ ಹಳೆಯ ತೀರ್ಪುಗಳು ಹೇಳುತ್ತಿದ್ದವು. ಅದನ್ನು ಮೀರಲು ಅವರು ಸಿದ್ಧರಿರಲಿಲ್ಲ. 1960ರಲ್ಲಿ ಸುಪ್ರೀಂ ಕೋರ್ಟು ಅವರ ತೀರ್ಪನ್ನು ತಳ್ಳಿಹಾಕಿತು. ಕೇಸು ವಾಪಸು ಬಂದಾಗ ಮರುವರ್ಷ ಅವರೇ ಆ ಗಡಿಯನ್ನು ರದ್ದುಮಾಡಿದರು.

ಈಗ ವಾಲೇಸ್. 1958ರ ಕೊನೆಯಲ್ಲಿ ಆತನೂ ಜಡ್ಜ್, ಆದರೆ ರಾಜ್ಯದ ಕೋರ್ಟಿನಲ್ಲಿ. ಗವರ್ನರ್ ಚುನಾವಣೆಯಲ್ಲಿ ಆಗಷ್ಟೇ ಸೋತಿದ್ದ. ಕಪ್ಪು ಜನರ ವಿಷಯದಲ್ಲಿ ಮೆತ್ತಗಾಗಿದ್ದೇ ಸೋಲಿಗೆ ಕಾರಣ ಎಂದು ನಂಬಿದ್ದ. ಮತದಾರರ ನೋಂದಣಿ ದಾಖಲೆಗಳನ್ನು ಕೇಂದ್ರದ ನಾಗರಿಕ ಹಕ್ಕುಗಳ ಆಯೋಗ ಕೇಳಿದಾಗ ಜೈಲಿಗೆ ಹೋದರೂ ಸರಿ, ಕೊಡುವುದಿಲ್ಲ ಎಂದು ಸಭೆಗಳಲ್ಲಿ ಗುಡುಗಿದ. ಕೊಡು ಎಂದು ಆದೇಶಿಸಿದ್ದು ಹಳೆಯ ಸಹಪಾಠಿ. ಜಾನ್ಸನ್ ಹೇಳಿರುವಂತೆ, ಒಂದು ರಾತ್ರಿ ವಾಲೇಸ್ ಅವರ ಮನೆಗೇ ಬಂದ. ಕೆಲವೇ ದಿನಗಳ ಸಣ್ಣ ಶಿಕ್ಷೆ ಕೊಟ್ಟರೆ ತನಗೆ ರಾಜಕೀಯವಾಗಿ ಅನುಕೂಲ ಎಂಬುದು ಬೇಡಿಕೆ. ದಾಖಲೆ ಕೊಡದಿದ್ದರೆ ಶಿಕ್ಷೆ ಸಣ್ಣದಿರುವುದಿಲ್ಲ ಎಂದರು ಜಾನ್ಸನ್. ವಾಲೇಸ್ ದಾಖಲೆಗಳನ್ನು ಗ್ರ್ಯಾಂಡ್ ಜ್ಯೂರಿಯ ಕೈಗಿಟ್ಟು, ಅವರ ಮೂಲಕ ಆಯೋಗಕ್ಕೆ ಸೇರುವಂತೆ ನೋಡಿಕೊಂಡ. ಹೊರಗೆ ಮಾತ್ರ ಬಗ್ಗಲಿಲ್ಲ ಎಂದೇ ಕೂಗುತ್ತಿದ್ದ. ನ್ಯಾಯಾಂಗ ನಿಂದನೆಯ ವಿಚಾರಣೆಯಲ್ಲಿ ಜಾನ್ಸನ್ ಆತನನ್ನು ಖುಲಾಸೆ ಮಾಡಿದರು. ಕಾರಣ ಕೊಟ್ಟದ್ದೇ ಏಟು: ಸುತ್ತುಬಳಸಿನ ದಾರಿಯಲ್ಲಾದರೂ ಆತ ಆದೇಶ ಪಾಲಿಸಿದ್ದಾನೆ. ಜೈಲಿನ ಹುತಾತ್ಮ ಪಟ್ಟ ಬಯಸಿದವನಿಗೆ ವಿಧೇಯನೆಂಬ ಸರ್ಟಿಫಿಕೇಟ್! ವಾಲೇಸ್ ಅದನ್ನು ಮರೆಯಲಿಲ್ಲ. 1962ರಲ್ಲಿ ಗೆದ್ದು ಗವರ್ನರ್ ಆದ ಮೇಲೂ ಜಾನ್ಸನ್ನರನ್ನು ಬಯ್ಯದೆ ಆತನ ಭಾಷಣ ಮುಗಿಯುತ್ತಿರಲಿಲ್ಲ.

ಮೂರು ವರ್ಷದ ನಂತರ ಸೆಲ್ಮಾ. 1965ರ ಮಾರ್ಚ್ 7, ಭಾನುವಾರ, ಮತದಾನದ ಹಕ್ಕಿಗಾಗಿ ಹೊರಟು ಎಡ್ಮಂಡ್ ಪೆಟಸ್ ಸೇತುವೆ ದಾಟಿದ ಮೆರವಣಿಗೆಯ ಮೇಲೆ ರಾಜ್ಯದ ಪೊಲೀಸರು ಅಶ್ರುವಾಯು ಮತ್ತು ಲಾಠಿಯೊಂದಿಗೆ ಎರಗಿದರು. ಸೆಲ್ಮಾ ಇರುವುದು ಬೇರೆ ಫೆಡರಲ್ ಕೋರ್ಟಿನ ವ್ಯಾಪ್ತಿಯಲ್ಲಿ. ಆದರೆ ನಡಿಗೆಯ ಗುರಿ ಮಾಂಟ್ಗೊಮರಿ, ಪ್ರತಿವಾದಿ ಗವರ್ನರ್ ಇರುವುದೂ ಮಾಂಟ್ಗೊಮರಿ. ಹಾಗಾಗಿ ವಕೀಲರು ಜಾನ್ಸನ್ ಬಳಿ ಬಂದರು. ಅವರು ಮಾಡಿದ ಮೊದಲ ಕೆಲಸ ಚಳವಳಿಗಾರರಿಗೆ ಹಿಡಿಸಲಿಲ್ಲ: ವಿಚಾರಣೆ ಮುಗಿಯುವ ತನಕ ನಡಿಗೆಗೂ ತಡೆ. ಕಿಂಗ್ ಪೇಚಿಗೆ ಸಿಕ್ಕಿದರು. 9ರಂದು ಜನರೊಂದಿಗೆ ಸೇತುವೆಯ ಆಚೆ ಹೋಗಿ, ಪ್ರಾರ್ಥಿಸಿ, ಹಿಂದಿರುಗಿದರು.

ವಿಚಾರಣೆ 11ರಿಂದ ಐದಾರು ದಿನದೊಳಗೆ ಮುಗಿಯಿತು. ಪೆಟ್ಟು ತಿಂದ ಜಾನ್ ಲೂಯಿಸ್ ಮತ್ತಿತರರು ಸಾಕ್ಷಿ ಹೇಳಿದರು. ಸೇತುವೆಯ ಮೇಲೆ ನಡೆದದ್ದರ ಫಿಲ್ಮನ್ನು ಕೋರ್ಟಿನಲ್ಲೇ ತೋರಿಸಲಾಯಿತು. ಅದು ಮುಗಿದ ಕೂಡಲೇ ಜಾನ್ಸನ್ ಮಾತಿಲ್ಲದೆ ಎದ್ದು, ನಿಲುವಂಗಿ ಸರಿಪಡಿಸಿಕೊಂಡು, ವಿರಾಮ ಘೋಷಿಸಿ ಒಳಗೆ ನಡೆದರೆಂದು ಅಲ್ಲಿದ್ದವರು ನೆನೆದಿದ್ದಾರೆ. ಅರ್ಧಚಂದ್ರದ ಕನ್ನಡಕದ ಮೇಲಿಂದ ದುರುಗುಟ್ಟಿ ನೋಡಿಯೇ ಕೋರ್ಟನ್ನು ಹತೋಟಿಯಲ್ಲಿಡುತ್ತಿದ್ದ ಮನುಷ್ಯನಿಂದ ಅಷ್ಟು ಹೊರಬಿದ್ದದ್ದೂ ಹೆಚ್ಚೇ.

17ರ ತೀರ್ಪಿನ ಸೂತ್ರವನ್ನು ಕಾನೂನು ಬಲ್ಲವರು ಈಗಲೂ ಚರ್ಚಿಸುತ್ತಾರೆ. ಹೆದ್ದಾರಿಯಲ್ಲಿ ಪ್ರತಿಭಟಿಸುವ ಹಕ್ಕು ಎಷ್ಟು ದೂರ ಸಾಗಬಹುದು ಎಂಬುದು, ಪ್ರತಿಭಟಿಸುತ್ತಿರುವ ಅನ್ಯಾಯ ಎಷ್ಟು ದೊಡ್ಡದು ಎಂಬುದಕ್ಕೆ ತಕ್ಕಂತಿರಬೇಕು; ಇಲ್ಲಿ ಅನ್ಯಾಯ ಅಗಾಧ, ಆದ್ದರಿಂದ ಹಕ್ಕೂ ಅಷ್ಟೇ ವಿಶಾಲ. ಕೇಳಲು ಚೆನ್ನ. ಆದರೆ ಅನ್ಯಾಯವನ್ನು ಅಳೆಯುವ ತಕ್ಕಡಿ ನಾಳೆ ಬೇರೆ ಜಡ್ಜ್ ಕೈಗೆ ಹೋದರೆ? ನನಗೆ ಈ ಸೂತ್ರಕ್ಕಿಂತ ಅದರ ಜೊತೆ ಲಗತ್ತಿಸಿದ ಕಸ, ಶೌಚಾಲಯ, ಲೇನುಗಳ ಯೋಜನೆಯೇ ಗಟ್ಟಿ ಎನಿಸುತ್ತದೆ. ಟ್ರಾಫಿಕ್ಕಿಗೆ ತೊಂದರೆ, ಸಾರ್ವಜನಿಕ ಸುರಕ್ಷತೆ ಎಂಬ ವಾಲೇಸ್ ಸರ್ಕಾರದ ನೆಪಗಳಿಗೆಲ್ಲ ಅದರಲ್ಲಿ ಒಂದೊಂದು ಸಾಲಿನ ಉತ್ತರವಿತ್ತು. 21ರಂದು ಹೊರಟವರು 25ರಂದು ಮಾಂಟ್ಗೊಮರಿ ಮುಟ್ಟಿದಾಗ 25,000 ಜನ ಸೇರಿದ್ದರು. ಆಗಸ್ಟ್‌ನಲ್ಲಿ ಮತದಾನ ಹಕ್ಕಿನ ಕಾಯ್ದೆ ಬಂತು.

ಆ 25ರ ರಾತ್ರಿಯೇ, ಮೆರವಣಿಗೆಯವರನ್ನು ಕಾರಿನಲ್ಲಿ ಬಿಟ್ಟುಬರುತ್ತಿದ್ದ ಡೆಟ್ರಾಯಿಟ್‌ನ ವಯೋಲಾ ಲಿಯುಜೊ ಎಂಬ ಬಿಳಿಯ ಮಹಿಳೆಯನ್ನು, ಬಿಳಿಯರ ಮೇಲುಗೈ ಸಾರುವ ಗುಪ್ತ ಸಂಘಟನೆ ಕು ಕ್ಲುಕ್ಸ್ ಕ್ಲಾನ್‌ನವರು ಗುಂಡಿಟ್ಟು ಕೊಂದರು. ರಾಜ್ಯದ ಕೋರ್ಟಿನಲ್ಲಿ ಮುಖ್ಯ ಆರೋಪಿಯ ಬಗ್ಗೆ ಮೊದಲು ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಆಮೇಲೆ ಆತ ಖುಲಾಸೆಯಾದ. ಕೇಂದ್ರ ಸರ್ಕಾರ ನಾಗರಿಕ ಹಕ್ಕುಗಳ ಹಳೆಯ ಕಾಯ್ದೆಯಡಿ ಮೂವರನ್ನು ಜಾನ್ಸನ್ ಕೋರ್ಟಿಗೆ ತಂದಿತು. ಇಲ್ಲಿಯೂ ಬಿಳಿಯರದೇ ಜ್ಯೂರಿ. ಒಮ್ಮತ ಸಾಧ್ಯವಿಲ್ಲ ಎಂದರು. ಜಾನ್ಸನ್ ಬಿಡಲಿಲ್ಲ, ಮತ್ತೆ ಕೂತು ಯೋಚಿಸಿ ಎಂದು ಒಳಗೆ ಕಳಿಸಿದರು. ಮೂವರೂ ತಪ್ಪಿತಸ್ಥರೆಂಬ ತೀರ್ಮಾನ ಬಂತು. ಕಾಯ್ದೆಯಲ್ಲಿದ್ದ ಗರಿಷ್ಠ ಶಿಕ್ಷೆ, ಹತ್ತು ವರ್ಷ.

1967ರ ಏಪ್ರಿಲ್‌ನಲ್ಲಿ ಮಾಂಟ್ಗೊಮರಿಯ ಒಂದು ಮನೆಯಲ್ಲಿ ಬಾಂಬು ಸಿಡಿಯಿತು. ಅದು ಜಾನ್ಸನ್ನರ ತಾಯಿಯ ಮನೆ. ಗುರಿ ಮಗನೇ ಇರಬೇಕು. ಮುದುಕಿ ಬದುಕಿಕೊಂಡಳು, ಮನೆ ಬಿಟ್ಟು ಹೋಗಲು ಒಪ್ಪಲಿಲ್ಲ.

ಎಲ್ಲರೂ ಸೆಲ್ಮಾದ ಬಳಿ ನಿಲ್ಲುತ್ತಾರೆ. ನನಗೆ ಅವರ ಕೆಲಸದಲ್ಲಿ ಅತ್ಯಂತ ಕುತೂಹಲದ್ದೆನಿಸುವುದು ಟಸ್ಕಲೂಸಾದ ಬ್ರೈಸ್ ಮಾನಸಿಕ ಆಸ್ಪತ್ರೆಯ ಕೇಸು. ಸುಮಾರು 5,000 ರೋಗಿಗಳಿದ್ದ, ಅಂತರ್ಯುದ್ಧದ ಕಾಲದ ಕಟ್ಟಡ. 1970ರಲ್ಲಿ ಸಿಗರೇಟು ತೆರಿಗೆಯ ಹಣ ಕಡಿಮೆಯಾಯಿತೆಂದು ರಾಜ್ಯ ಸರ್ಕಾರ ನೂರರಷ್ಟು ಸಿಬ್ಬಂದಿಯನ್ನು ತೆಗೆದುಹಾಕಿತು. ಕೆಲಸ ಕಳೆದುಕೊಂಡವರೂ ರೋಗಿಗಳ ಕಡೆಯವರೂ ಸೇರಿ ದಾವೆ ಹೂಡಿದರು. ವಿಚಾರಣೆ ಸಾಗಿದಂತೆ ನೌಕರಿಯ ವಿಷಯ ಹಿಂದೆ ಸರಿದು ಬೇರೊಂದು ಪ್ರಶ್ನೆ ಎದ್ದು ನಿಂತಿತು: ಅಪರಾಧವೇ ಮಾಡದವನನ್ನು ಚಿಕಿತ್ಸೆಗೆಂದು ಕೂಡಿಹಾಕಿ, ಚಿಕಿತ್ಸೆಯನ್ನೇ ಕೊಡದಿದ್ದರೆ? ಒಬ್ಬ ರೋಗಿಯ ಒಂದು ದಿನದ ಊಟಕ್ಕೆ ಸರ್ಕಾರ ಖರ್ಚು ಮಾಡುತ್ತಿದ್ದದ್ದು 50 ಸೆಂಟು ಕೂಡ ಇರಲಿಲ್ಲ. ಹೀಗೆ ಕೂಡಿಟ್ಟವರಿಗೆ ಚಿಕಿತ್ಸೆ ಪಡೆಯುವ ಸಾಂವಿಧಾನಿಕ ಹಕ್ಕಿದೆ ಎಂದು 1971ರ ಮಾರ್ಚ್‌ನಲ್ಲಿ ಜಾನ್ಸನ್ ತೀರ್ಪಿತ್ತರು. ಸರಿಪಡಿಸಲು ಸರ್ಕಾರಕ್ಕೆ ಆರು ತಿಂಗಳು ಕೊಟ್ಟರು. ಸರಿಹೋಗಲಿಲ್ಲ.

1972ರ ಏಪ್ರಿಲ್‌ನ ಆದೇಶಕ್ಕೆ ಲಗತ್ತಿಸಿದ ಪಟ್ಟಿಯನ್ನು ಓದಿದರೆ ಜಡ್ಜ್ ಆಸ್ಪತ್ರೆಯ ವಾರ್ಡುಗಳಲ್ಲಿ ಅಳತೆಪಟ್ಟಿ ಹಿಡಿದು ಓಡಾಡಿದರೇನೋ ಎನಿಸುತ್ತದೆ. ಎಂಟು ರೋಗಿಗಳಿಗೆ ಒಂದು ಶೌಚಾಲಯ. ಹದಿನೈದು ಮಂದಿಗೆ ಒಂದು ಸ್ನಾನದ ವ್ಯವಸ್ಥೆ. ಒಂದು ಕೋಣೆಯಲ್ಲಿ ಆರಕ್ಕಿಂತ ಹೆಚ್ಚು ಹಾಸಿಗೆ ಬೇಡ, ತಲೆಗೆ ಕನಿಷ್ಠ 80 ಚದರ ಅಡಿ. ಕಟ್ಟಡದೊಳಗಿನ ಉಷ್ಣಾಂಶ 68 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಇಳಿಯಬಾರದು, 83 ದಾಟಬಾರದು. ರೋಗಿಗೆ ತನ್ನ ಸ್ವಂತ ಬಟ್ಟೆ ಹಾಕಿಕೊಳ್ಳುವ ಹಕ್ಕು. 250 ರೋಗಿಗಳಿಗೆ ಎಷ್ಟು ವೈದ್ಯರು, ಎಷ್ಟು ನರ್ಸುಗಳು, ಎಷ್ಟು ಅಡುಗೆಯವರು ಎಂಬ ಲೆಕ್ಕ. ವಾದಿ ಪ್ರತಿವಾದಿಗಳೂ ಪರಿಣತರೂ ಕೂಡಿ ಮುಂದಿಟ್ಟ ಮಾನದಂಡಗಳೇ ಅದರಲ್ಲಿ ಹೆಚ್ಚು. ಅವಕ್ಕೆ ಕೋರ್ಟಿನ ಬಲ ಬಂದದ್ದು ಮಾತ್ರ ಹೊಸತು. ದೇಶದ ಇತರ ರಾಜ್ಯಗಳ ಆಸ್ಪತ್ರೆಗಳೂ ತಮ್ಮ ಗೋಡೆಗಳನ್ನು ಅಳೆದುಕೊಳ್ಳಬೇಕಾಯಿತು.

1976ರ ಜನವರಿಯಲ್ಲಿ ಜೈಲುಗಳ ಸರದಿ. ‘ನಾಯಿಮನೆ’ ಎಂದು ಕೈದಿಗಳು ಕರೆಯುತ್ತಿದ್ದ ಶಿಕ್ಷೆಯ ಕೋಣೆಗಳಲ್ಲಿ ದೀಪವಿಲ್ಲ, ನೀರಿಲ್ಲ, ಶೌಚಕ್ಕೆ ನೆಲದಲ್ಲೊಂದು ತೂತು. ಅಲ್ಲಿ ಹಲವರನ್ನು ಒಟ್ಟಿಗೆ ತುಂಬುತ್ತಿದ್ದರು. ಇಲ್ಲಿಯೂ ಅದೇ ರೀತಿ, ಮಾನದಂಡಗಳ ಉದ್ದನೆಯ ಪಟ್ಟಿ.

ವಿರೋಧ ಬರಿಯ ವಾಲೇಸ್‌ನಿಂದಷ್ಟೇ ಬರಲಿಲ್ಲ. ಚುನಾಯಿತರಲ್ಲದ ಒಬ್ಬ ವ್ಯಕ್ತಿ ಆಸ್ಪತ್ರೆ, ಜೈಲು, ಶಾಲೆ, ಪೊಲೀಸ್ ನೇಮಕಾತಿ ಎಲ್ಲವನ್ನೂ ನಡೆಸಬಹುದೇ, ದುಡ್ಡು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ಗಂಭೀರ ವಿದ್ವಾಂಸರೂ ಕೇಳಿದರು. ನಮ್ಮ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ಬಗ್ಗೆ ನಾವೂ ಇದನ್ನೇ ಕೇಳುತ್ತೇವಲ್ಲ. ಜಾನ್ಸನ್ನರ ಉತ್ತರ ನೇರವಾಗಿತ್ತು: ತಾವಾಗಿಯೇ ಯಾವ ಕೇಸನ್ನೂ ಹುಡುಕಿಕೊಂಡು ಹೋಗಿಲ್ಲ, ಓಟು ಕಳೆದುಕೊಳ್ಳುವ ನಿರ್ಧಾರಗಳನ್ನೆಲ್ಲ ರಾಜಕಾರಣಿಗಳು ಕೋರ್ಟಿನ ಮೇಲೆ ದೂಡಿ, ಆಮೇಲೆ ಕೋರ್ಟನ್ನೇ ಬಯ್ಯುತ್ತಾರೆ. ಇದರಲ್ಲಿ ನಿಜವಿದೆ. ಆದರೆ ಬರಿಯ ಕಾನೂನು ಅನ್ವಯಿಸಿದೆ, ಸುಧಾರಕನಲ್ಲ ಎಂಬ ಅವರ ಮಾತನ್ನು ಪೂರ್ತಿ ಒಪ್ಪುವುದು ಕಷ್ಟ. ಟಸ್ಕೀಗಿಯ ಗಡಿಗೆ ಕೈಹಾಕಲು ಹಿಂಜರಿದ 1958ರ ಜಡ್ಜ್‌ಗೂ ಬ್ರೈಸ್‌ನ ಉಷ್ಣಾಂಶ ಗೊತ್ತುಮಾಡಿದ 1972ರ ಜಡ್ಜ್‌ಗೂ ನಡುವೆ ಬಹಳ ದೂರವಿದೆ. ಆದೇಶ ಪಾಲಿಸದ ಸರ್ಕಾರವನ್ನು ಹದಿನಾಲ್ಕು ವರ್ಷ ಕಂಡ ಅನುಭವ ಅವರನ್ನು ಬದಲಿಸಿತ್ತು.

ಉಳಿದದ್ದನ್ನು ಬೇಗ ಹೇಳಬಹುದು. 1977ರಲ್ಲಿ ಜಿಮ್ಮಿ ಕಾರ್ಟರ್ ಅವರನ್ನು ಎಫ್‌ಬಿಐ ನಿರ್ದೇಶಕರನ್ನಾಗಿ ಹೆಸರಿಸಿದರು. ಮಹಾಪಧಮನಿಯ ಶಸ್ತ್ರಚಿಕಿತ್ಸೆಯಿಂದಾಗಿ ಅದು ಕೈತಪ್ಪಿತು. 1979ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಬಡ್ತಿ. 1985ರಲ್ಲಿ ಸಲಿಂಗಿಗಳ ಖಾಸಗಿತನದ ಪರ ಅವರು ಬರೆದ ತೀರ್ಪನ್ನು ಸುಪ್ರೀಂ ಕೋರ್ಟು ಮರುವರ್ಷ ಉರುಳಿಸಿತು, 2003ರಲ್ಲಿ ಬೇರೊಂದು ಕೇಸಿನಲ್ಲಿ ತನ್ನದೇ ತಪ್ಪೆಂದು ಒಪ್ಪಿಕೊಂಡಿತು. ಅದನ್ನು ನೋಡಲು ಜಾನ್ಸನ್ ಇರಲಿಲ್ಲ; 1999ರ ಜುಲೈನಲ್ಲಿ ಮಾಂಟ್ಗೊಮರಿಯಲ್ಲೇ ತೀರಿಕೊಂಡಿದ್ದರು. 1961ರಲ್ಲಿ, ಬಸ್ಸುಗಳ ವರ್ಣಭೇದ ಪ್ರಶ್ನಿಸಿ ಪಯಣ ಹೊರಟಿದ್ದ ಫ್ರೀಡಂ ರೈಡರ್‌ಗಳನ್ನು ಗುಂಪು ಥಳಿಸಿದ ಗ್ರೇಹೌಂಡ್ ಬಸ್ ನಿಲ್ದಾಣಕ್ಕೆ ಅಂಟಿಕೊಂಡಂತಿರುವ ಅವರ ಕೋರ್ಟು ಕಟ್ಟಡಕ್ಕೆ ಈಗ ಅವರದೇ ಹೆಸರು.

ಅವರು ತೆರವು ಮಾಡಿದ ಪೀಠಕ್ಕೆ 1980ರಲ್ಲಿ ಬಂದವರು ಮೈರನ್ ಥಾಂಪ್ಸನ್. ಕಪ್ಪು ವರ್ಣೀಯರು, ಊರು ಟಸ್ಕೀಗಿ. ಶಾಸಕರು 28 ಬದಿಗಳ ಗಡಿ ಎಳೆದಾಗ ಅವರಿಗೆ ಹತ್ತು ವರ್ಷ. ಬ್ರೈಸ್ ಆಸ್ಪತ್ರೆಯ ಕೇಸನ್ನು ಮುಚ್ಚಿದ್ದು ಅವರೇ, 2003ರಲ್ಲಿ, ಹೂಡಿ 33 ವರ್ಷದ ಮೇಲೆ. ಜೈಲುಗಳದು ಮುಗಿದಿರಲಿಲ್ಲ. 2014ರಲ್ಲಿ ಅಲಬಾಮಾದ ಕೈದಿಗಳು ಹೊಸ ದಾವೆ ಹೂಡಿದರು. ಜೈಲುಗಳಲ್ಲಿ ಮಾನಸಿಕ ಚಿಕಿತ್ಸೆ ಘೋರವಾಗಿ ಕುಸಿದಿದೆ ಎಂದು 2017ರಲ್ಲಿ ಥಾಂಪ್ಸನ್ ತೀರ್ಪಿತ್ತರು. 2021ರ ಕೊನೆಗೆ ಅವರು ಕೊಟ್ಟ ಪರಿಹಾರದ ಆದೇಶದಲ್ಲಿ ಕಾವಲು ಸಿಬ್ಬಂದಿಯನ್ನು ಎಷ್ಟು ತುಂಬಬೇಕು, ಯಾವಾಗಿನೊಳಗೆ ತುಂಬಬೇಕು, ಪ್ರಾಣ ತೆಗೆದುಕೊಳ್ಳುವ ಅಪಾಯವಿರುವ ಕೈದಿಯ ಮೇಲೆ ಹೇಗೆ ಕಣ್ಣಿಡಬೇಕು ಎಂಬ ವಿವರಗಳಿವೆ.